ಗುಗ್ಗೆ ಹೋಯ್ತು, ಗುಂಯ್ ಉಳೀತು: ನಮ್ಮ ಕಡೆಯ ಕಿವಿಯ ಚರಿತ್ರೆ

"ಕಿವಿ ಕ್ಲೀನ್ ಮಾಡಿಸ್ಕೊಂಡ್ ಬಂದ್ಮೇಲೆ ಗುಂಯ್ ಅನ್ನೋದು ಇನ್ನೂ ಜಾಸ್ತಿ ಆಗದೆ ಕಣಪ್ಪ."

ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕು, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಈ ಮಾತು ಆಡುವವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅರಳಿಕಟ್ಟೆ ಮೇಲೆ, ಡೇರಿ ಮುಂದೆ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸಿಗುತ್ತಾರೆ. ಕಿವಿ ಕಟ್ಟಿಕೊಂಡಿತ್ತು, ಗುಗ್ಗೆ ತೆಗೆಸಿದರು. ಕೇಳಿಸುವುದು ಸರಿಹೋಯಿತು. ಆದರೆ ಮೊದಲು ಸಣ್ಣಗೆ ಇದ್ದ ಒಳಗಿನ ಸದ್ದು ಈಗ ರಾತ್ರಿ ನಿದ್ದೆ ಮಾಡಲು ಬಿಡುತ್ತಿಲ್ಲ. ಹೊರಗೆ ಯಾವ ಸದ್ದೂ ಇಲ್ಲ, ಒಳಗೆ ಮಾತ್ರ ಜೀರುಂಡೆ ಕೂತಂತೆ.

ತಕ್ಷಣ ಬೈಸಿಕೊಳ್ಳುವವನು ಕೊನೆಯದಾಗಿ ಕಿವಿ ಮುಟ್ಟಿದವನು. ಸಂತೆಯಲ್ಲಿ ಕಡ್ಡಿ ಹಾಕಿದವನೋ, ಸಲೂನಿನವನೋ, ಪಿಚಕಾರಿಯಲ್ಲಿ ನೀರು ಬಿಟ್ಟ ಡಾಕ್ಟರೋ. ಕೆಲವು ಸಲ ಆ ಬೈಗುಳ ನ್ಯಾಯವೇ. ಬಹಳ ಸಲ ಅಲ್ಲ. ಯಾವುದು ಯಾವಾಗ ಅಂತ ತಿಳಿಯಬೇಕಾದರೆ ಕಿವಿಯ ಕಥೆಯನ್ನು ಸ್ವಲ್ಪ ಹಿಂದಿನಿಂದ ಹಿಡಿಯಬೇಕು.

ಮೊದಲು ಹೆಸರು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಮೂರು ಭಾಷೆ ಓಡಾಡುತ್ತವೆ. ಕನ್ನಡದಲ್ಲಿ ಗುಗ್ಗೆ. ಪಾವಗಡದ ತೆಲುಗು ಮನೆಗಳಲ್ಲಿ ಗುಲಿಮಿ. ಶಿರಾದ ಮೊಹಲ್ಲಾಗಳಲ್ಲಿ ಕಾನ್ ಕಾ ಮೈಲ್. ಒಳಗಿನ ಸದ್ದಿಗೆ ಪುಸ್ತಕದವರು ಕಿವಿ ಮೊರೆತ ಅಂತ ಬರೆಯುತ್ತಾರೆ, ನಾವು ಗುಂಯ್ ಅಂತೀವಿ, ತೆಲುಗಿನವರು ಹೋರು ಅಂತಾರೆ. ಉರ್ದುವಿನಲ್ಲಿ 'ಕಾನ್ ಬಜನಾ' ಅಂದರೆ ಕಿವಿ ಬಾರಿಸುವುದು. ಯಾರೂ ಕರೆಯದಿದ್ದರೂ ಕರೆದರು ಅಂತ ಎದ್ದುಹೋಗುವವನಿಗೆ ತಮಾಷೆಗೆ ಹೇಳುವ ಮಾತು ಅದು. ಡಾಕ್ಟರುಗಳ ಹೆಸರು ಟಿನಿಟಸ್.

ಎರಡೂ ಕಿವಿಗೆ ಬೆರಳು ಇಟ್ಟು ಬಿಗಿಯಾಗಿ ಮುಚ್ಚಿ ನೋಡಿ. ಒಂದು ದೊಡ್ಡ ಮೊರೆತ ಕೇಳುತ್ತದೆ. ಅದಕ್ಕೂ ನಮ್ಮ ದೇಶದಲ್ಲಿ ಒಂದು ಕಥೆ ಇದೆ. ಮಂಡೋದರಿ ವಿಧವೆಯಾಗಬಾರದೆಂದು ರಾವಣನ ಚಿತೆ ಆರದೆ ಉರಿಯುವಂತೆ ರಾಮ ವರ ಕೊಟ್ಟನಂತೆ, ಕಿವಿ ಮುಚ್ಚಿದಾಗ ಕೇಳುವುದು ಆ ಚಿತೆಯ ಸದ್ದಂತೆ. ಸುಮಾರು 200 ವರ್ಷದ ಹಿಂದೆ ಬಂಗಾಳದಲ್ಲಿದ್ದ ಪಾದ್ರಿ ವಿಲಿಯಂ ವಾರ್ಡ್ ಇದನ್ನು ಅಲ್ಲಿನ ಜನರ ಬಾಯಿಂದ ಕೇಳಿ ಬರೆದಿಟ್ಟ. ತೆಲುಗಿನಲ್ಲಿ ಮುಗಿಯದ ರಗಳೆಗೆ 'ರಾವಣ ಕಾಷ್ಠಂ' ಅನ್ನುತ್ತಾರೆ. ಕಿವಿ ಮೊರೆತ ಇರುವವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕಾಗಿಲ್ಲ.

ಇನ್ನು ಗುಗ್ಗೆ ತೆಗೆಯುವ ಕೆಲಸ. ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಅದು ಯಾರೋ ದಾರಿಹೋಕರ ಕೆಲಸವಾಗಿರಲಿಲ್ಲ. ಊರಿಗೆ 12 ಜನ ಆಯಗಾರರು ಇರುತ್ತಿದ್ದರು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಕಮ್ಮಾರ, ಬಡಗಿ, ಅಗಸ, ಕುಂಬಾರ ಇತ್ಯಾದಿ. ಅವರಲ್ಲಿ ನಾಯಿಂದ, ಅಂದರೆ ಕ್ಷೌರಿಕನೂ ಒಬ್ಬ. ದುಡ್ಡಿನ ಲೆಕ್ಕ ಇಲ್ಲ. ಸುಗ್ಗಿಯಲ್ಲಿ ಕಣದ ಮೇಲೆ ರಾಗಿ ರಾಶಿ ಬಿದ್ದಾಗ ಅವರವರ ಆಯ ಅಳೆದು ಕೊಡುವುದು.

1799ರ ನಂತರ ಮೈಸೂರು ಸೀಮೆಗೆ ಬಂದು, ಶ್ರೀರಂಗಪಟ್ಟಣದ ಗಂಜಾಂನಲ್ಲಿ ಬಹಳ ವರ್ಷ ಇದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ನಮ್ಮ ಜನರ ನಡವಳಿಕೆಯ ಮೇಲೆ ಒಂದು ದೊಡ್ಡ ಪುಸ್ತಕ ಬರೆದ. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅದರಲ್ಲಿ ಊರ ಕ್ಷೌರಿಕನ ಕರ್ತವ್ಯ ಹೇಳುವಾಗ ಮುಖ ಮತ್ತು ತಲೆ ಬೋಳಿಸುವುದು, ಕೈಕಾಲಿನ ಉಗುರು ತೆಗೆಯುವುದು, ಇವುಗಳ ಜೊತೆಗೇ ಊರವರ ಕಿವಿ ಶುಚಿ ಮಾಡುವುದನ್ನೂ ಸೇರಿಸಿದ್ದಾನೆ. ಊರಿನ ಶಸ್ತ್ರವೈದ್ಯನೂ ಅವನೇ. ಕುರು ಕೊಯ್ಯುವುದಕ್ಕೂ ಉಗುರು ತೆಗೆಯುವ ಆಯುಧವೇ.

ದುಬಾಯ್‌ನ ಎಲ್ಲ ಮಾತನ್ನೂ ಒಪ್ಪಬೇಕಾಗಿಲ್ಲ, ನಮ್ಮ ಜನರನ್ನು ಕೀಳಾಗಿ ಕಂಡ ಕಡೆ ಬೇಕಾದಷ್ಟಿದೆ. ಆದರೆ ಈ ಸಣ್ಣ ಮಾಹಿತಿ ಬಹಳ ಮುಖ್ಯ. ಕಿವಿ ಮುಟ್ಟುವವನು ಊರಿನವನೇ ಆಗಿದ್ದ. ವರ್ಷಪೂರ್ತಿ ಅದೇ ಕಿವಿ, ಅದೇ ಕೈ. ಗಾಯ ಮಾಡಿದರೆ ಮುಂದಿನ ಸುಗ್ಗಿಗೆ ಅದೇ ಕಣದಲ್ಲಿ ಮುಖ ತೋರಿಸಬೇಕಿತ್ತು.

ಸಂತೆ, ಜಾತ್ರೆ, ಬಸ್ ಸ್ಟ್ಯಾಂಡುಗಳ ಕಾಲ ಬಂದ ಮೇಲೆ ಕಥೆ ಬೇರೆ. ತಲೆಗೆ ಕೆಂಪು ರುಮಾಲು, ಕಿವಿ ಮೇಲೆ ಸಿಕ್ಕಿಸಿದ ಕಡ್ಡಿ, ಕೈಯಲ್ಲಿ ಚಿಮುಟ, ಹತ್ತಿ, ಸಣ್ಣ ಎಣ್ಣೆ ಸೀಸೆ ಹಿಡಿದ ಕಾನ್ ಸಾಫ್‌ವಾಲಾಗಳು ದೆಹಲಿ, ಮುಂಬೈ, ಹೈದರಾಬಾದಿನ ಬೀದಿಗಳಲ್ಲಿ ತಲೆಮಾರುಗಳಿಂದ ಇದ್ದಾರೆ. ಅಂಥವರ ಚಿತ್ರಗಳನ್ನು ಬ್ರಿಟಿಷರ ಕಾಲದ ಕಲಾವಿದರೂ ಬರೆದಿದ್ದಾರೆ. ಅವರಲ್ಲಿ ನುರಿತ ಕೈಗಳೂ ಇವೆ, ಅದನ್ನು ಅಲ್ಲಗಳೆಯಬಾರದು. ಆದರೆ ಕಿವಿಯಿಂದ ಕಲ್ಲು ತೆಗೆದೆ, ಹುಳ ತೆಗೆದೆ ಅಂತ ಅಂಗೈ ತೋರಿಸುವ ಕೈಚಳಕದವರೂ ಇದ್ದಾರೆ. ಒಂದೇ ಕಡ್ಡಿ ಹತ್ತು ಕಿವಿಗೆ ಹೋಗುತ್ತದೆ. ಮುಂದಿನ ವಾರ ಅವರು ಯಾವ ಸಂತೆಯಲ್ಲಿರುತ್ತಾರೋ, ನಿಮ್ಮ ಗುಂಯ್ ಕೇಳಲು ಅವರು ಇರುವುದಿಲ್ಲ.

ಈಗ ಆ ಕಡ್ಡಿ ಪ್ರತಿ ಮನೆಯಲ್ಲೇ ಇದೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಲಿಯೊ ಗೆರ್ಸ್ಟೆನ್‌ಜಾಂಗ್ ಅನ್ನುವಾತ ಹತ್ತಿ ಸುತ್ತಿದ ಕಡ್ಡಿಯನ್ನು ಮಕ್ಕಳ ಆರೈಕೆಗೆಂದು ಮಾರಾಟಕ್ಕೆ ತಂದ. ಅದೇ ಇವತ್ತಿನ ಬಡ್ಸ್. ಕಿವಿಯೊಳಗೆ ಹಾಕಬೇಡಿ ಅಂತ ಡಬ್ಬಿ ಮೇಲೆಯೇ ಎಚ್ಚರಿಕೆ ಇರುತ್ತದೆ, ಜನ ಹಾಕುವುದು ಮಾತ್ರ ಅಲ್ಲಿಗೇ. ಬಡ್ಸ್ ಸಿಗದಿದ್ದರೆ ಬೈಕ್ ಕೀ, ಹೇರ್‌ಪಿನ್, ಬೆಂಕಿಕಡ್ಡಿ. ಇವೆಲ್ಲ ಗುಗ್ಗೆಯನ್ನು ಹೊರಗೆ ತರುವುದಕ್ಕಿಂತ ಒಳಗೆ ದಬ್ಬುವುದೇ ಹೆಚ್ಚು.

ಗುಗ್ಗೆ ಕೊಳೆ ಅಲ್ಲ. ಈ ಒಂದು ವಿಷಯ ನಮ್ಮ ಶಾಲೆಗಳಲ್ಲಿ ಸರಿಯಾಗಿ ಹೇಳಿಕೊಟ್ಟಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು. ಕಿವಿ ಕೊಳವೆಯ ಹೊರಭಾಗದ ಗ್ರಂಥಿಗಳು ಅದನ್ನು ಬೇಕೆಂದೇ ತಯಾರು ಮಾಡುತ್ತವೆ. ಜೇನುಗೂಡಿಗೆ ಮೇಣ ಇದ್ದ ಹಾಗೆ. ಚರ್ಮ ಒಣಗದಂತೆ, ನೀರು ನಿಲ್ಲದಂತೆ, ಧೂಳು ಮತ್ತು ಸೂಕ್ಷ್ಮಜೀವಿಗಳು ಒಳಗೆ ಹೋಗದಂತೆ ಕಾಯುತ್ತದೆ. ತಮಟೆ ಪೊರೆಯಿಂದ ಹೊರಗಿನ ಕಡೆಗೆ ಕಿವಿಯ ಚರ್ಮ ತಾನೇ ನಿಧಾನವಾಗಿ ಸರಿಯುತ್ತದೆ. ಊಟ ಅಗಿಯುವಾಗ, ಮಾತಾಡುವಾಗ ದವಡೆ ಅಲುಗಾಡಿ ಹಳೇ ಗುಗ್ಗೆ ಹೊರಗೆ ಬೀಳುತ್ತದೆ. ಕಟ್ಟಿಕೊಂಡು ಕಿವಿ ಕೇಳದಾದರೆ, ನೋವು ಬಂದರೆ ಮಾತ್ರ ತೆಗೆಸಬೇಕು. ಯಾವ ತೊಂದರೆಯನ್ನೂ ಕೊಡದ ಗುಗ್ಗೆಯನ್ನು ಮುಟ್ಟುವುದು, ಮಲಗಿದ್ದ ನಾಯಿಯನ್ನು ಒದ್ದು ಎಬ್ಬಿಸಿದ ಹಾಗೆ.

ಹಾಗಾದರೆ ಹಳೆಯ ವೈದ್ಯರಿಗೆ ಇದು ಗೊತ್ತಿರಲಿಲ್ಲವೇ? ಸಾಕಷ್ಟು ಗೊತ್ತಿತ್ತು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಕಿವಿಯ 28 ರೋಗಗಳ ಪಟ್ಟಿ ಇದೆ. ಗಟ್ಟಿಯಾದ ಗುಗ್ಗೆಗೆ ಕರ್ಣಗೂಥ, ಒಳಗಿನ ಸದ್ದಿಗೆ ಕರ್ಣನಾದ ಅಥವಾ ಪ್ರಣಾದ, ಕೊಳಲಿನಂಥ ಸದ್ದಿಗೆ ಕ್ಷ್ವೇಡ ಅಂತ ಬೇರೆ ಬೇರೆ ಹೆಸರು. ಗುಗ್ಗೆ ತೆಗೆಯುವ ವಿಧಾನ ನೋಡಿ: ಮೊದಲು ಎಣ್ಣೆಯಿಂದ ನೆನೆಸಬೇಕು, ಆಮೇಲೆ ಶಾಖ ಕೊಟ್ಟು ಕರಗಿಸಬೇಕು, ಕೊನೆಗೆ ಶಲಾಕೆ, ಅಂದರೆ ಕಡ್ಡಿ. ಕಡ್ಡಿ ಬರುವುದು ಕೊನೆಯಲ್ಲಿ. ಇವತ್ತಿನ ಇಎನ್‌ಟಿ ಡಾಕ್ಟರ್ ಕೂಡ ಗಟ್ಟಿ ಗುಗ್ಗೆ ಕಂಡರೆ ನಾಲ್ಕೈದು ದಿನ ಹನಿ ಹಾಕಿಕೊಂಡು ಬಾ ಅಂತ ಕಳಿಸುವುದು ಇದಕ್ಕೇ. ನಾವು ಆ ನಾಲ್ಕೈದು ದಿನ ಕಾಯಲಾರದೆ ಬೇರೆ ಕಡೆ ಹೋಗಿ ಒಣಗಿದ್ದನ್ನೇ ಕೆರೆಸಿಕೊಳ್ಳುತ್ತೇವೆ.

ಇನ್ನೊಂದು ಸಂಗತಿ. ಗುಗ್ಗೆ ಮತ್ತು ಒಳಗಿನ ಸದ್ದು, ಎರಡೂ ಸುಶ್ರುತದಲ್ಲಿ ಬೇರೆ ಬೇರೆ ರೋಗ. ಕಿವಿನೋವು, ಪ್ರಣಾದ, ಕಿವುಡು, ಕ್ಷ್ವೇಡ ಈ ನಾಲ್ಕಕ್ಕೂ ಸಾಮಾನ್ಯ ಚಿಕಿತ್ಸೆ ಹೇಳುವಾಗ ಗುಗ್ಗೆಯನ್ನು ಆ ಗುಂಪಿಗೆ ಸೇರಿಸಿಲ್ಲ. ಗುಗ್ಗೆ ತೆಗೆದರೆ ಸದ್ದು ಹೋಗಿಯೇ ತೀರುತ್ತದೆ ಅನ್ನುವ ನಮ್ಮ ಲೆಕ್ಕ ಅವರದ್ದಲ್ಲ.

ಅದೇ ಗ್ರಂಥದಲ್ಲಿ ಎಕ್ಕದ ಚಿಗುರಿನ ರಸವನ್ನು ಕಿವಿನೋವಿಗೆ ಹೇಳಿದೆ. ನಮ್ಮ ಹಳ್ಳಿಗಳಲ್ಲಿ ಎಕ್ಕದ ಎಲೆ ಬಾಡಿಸಿ ಹಿಂಡುವುದು ಇವತ್ತಿಗೂ ಇದೆ. ಇದನ್ನು ಮಾಡಬೇಡಿ ಅಂತಲೇ ಹೇಳುತ್ತೇನೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ದನ ಕಾಯುವ ಹುಡುಗರಿಗೂ ಗೊತ್ತು. ತೂತಾದ ತಮಟೆ ಪೊರೆಯ ಮೂಲಕ ಅದು ಒಳಗಿವಿಗೆ ಇಳಿದರೆ ಹೊಣೆ ಯಾರು? ಸೀಮೆಎಣ್ಣೆ, ಬೆಳ್ಳುಳ್ಳಿ ಕಾಯಿಸಿದ ಬಿಸಿ ಎಣ್ಣೆಗೂ ಇದೇ ಮಾತು.

ಶಿರಾ ಕಡೆಗೆ ಬನ್ನಿ. 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ದಕ್ಷಿಣದ ಸುಬಾದ ರಾಜಧಾನಿ ಮಾಡಿಕೊಂಡರು. ಸುಮಾರು 70 ವರ್ಷ ಅಲ್ಲಿಂದ ಆಡಳಿತ ನಡೆಯಿತು. ಮೊಗಲರ ಊರುಗಳ ವೈದ್ಯ ಅಂದರೆ ಯುನಾನಿ. ಅದರಲ್ಲಿ ಈ ಕಾಯಿಲೆಗೆ ಎರಡು ಪದ ಜೋಡಿಯಾಗಿ ಬರುತ್ತವೆ, ತನೀನ್ ಮತ್ತು ದವೀ. ತೆಳ್ಳಗೆ ಚುಚ್ಚುವ ಸದ್ದು ಒಂದು, ದಪ್ಪಗೆ ಮೊರೆಯುವ ಸದ್ದು ಇನ್ನೊಂದು. ಹಾಕುವ ಔಷಧಿಗಳಲ್ಲಿ ರೋಗನ್ ಬಾದಾಮ್, ಅಂದರೆ ಬಾದಾಮಿ ಎಣ್ಣೆ.

ಈ ಬಾದಾಮಿ ಎಣ್ಣೆ ಬರೀ ಹಕೀಮರದ್ದಲ್ಲ. ಯೂರೋಪಿನ ದೊಡ್ಡ ಸಂಗೀತಗಾರ ಬೀಥೋವನ್ 1801ರಲ್ಲಿ ಗೆಳೆಯ ವೆಗೆಲರ್‌ಗೆ ಬರೆದ ಕಾಗದದಲ್ಲಿ ತನ್ನ ಕಿವಿಗಳು ಹಗಲೂ ರಾತ್ರಿ ಗುಂಯ್‌ಗುಡುತ್ತವೆ ಅಂತ ಹೇಳಿಕೊಂಡಿದ್ದಾನೆ. ಡಾಕ್ಟರು ಕಿವಿಗೆ ಕೊಟ್ಟ ಔಷಧಿ ಬಾದಾಮಿ ಎಣ್ಣೆ! ಪ್ರಯೋಜನ ಆಗಲಿಲ್ಲ. ಆಗ ಅವನಿಗೆ 30 ವರ್ಷ. ಆ ಸದ್ದು ಇಟ್ಟುಕೊಂಡೇ, ಕಿವುಡಾಗುತ್ತಲೇ ಇನ್ನೂ 26 ವರ್ಷ ಬದುಕಿ ಸಂಗೀತ ಬರೆದ.

ಕೊರಟಗೆರೆ ತಾಲ್ಲೂಕಿನಲ್ಲಿ ಸಿದ್ಧರಬೆಟ್ಟ ಇದೆ. ಮೂಲಿಕೆಗೆ ಹೆಸರಾದ ಬೆಟ್ಟ, ಸಿದ್ಧರು ತಪಸ್ಸು ಮಾಡಿದ ಜಾಗ ಅಂತ ಪ್ರತೀತಿ. ಸಿದ್ಧರ ಮಾತು ಬಂದರೆ ನಾದದ ಮಾತು ಬರಲೇಬೇಕು. ಸುಮಾರು 15ನೇ ಶತಮಾನದ ಹಠಯೋಗ ಪ್ರದೀಪಿಕೆಯ ನಾಲ್ಕನೇ ಅಧ್ಯಾಯದಲ್ಲಿ ಯೋಗಿ ಕಿವಿ ಮುಚ್ಚಿಕೊಂಡು ಒಳಗಿನ ಸದ್ದು ಆಲಿಸುವುದನ್ನು ಹೇಳಿದೆ. ಮೊದಲು ಸಮುದ್ರ, ಮೋಡ, ಭೇರಿಯಂಥ ಸದ್ದು, ಆಮೇಲೆ ಶಂಖ, ಗಂಟೆ, ಕೊನೆಗೆ ಕೊಳಲು, ವೀಣೆ, ದುಂಬಿಯ ಝೇಂಕಾರ. ಈಗ ಆಯುರ್ವೇದದ ರೋಗಲಕ್ಷಣದ ಪುಸ್ತಕ ಮಾಧವ ನಿದಾನ ತೆಗೆದು ನೋಡಿ. ಕರ್ಣನಾದ ಇರುವವನಿಗೆ ಕೇಳುವುದು ಭೇರಿ, ಮೃದಂಗ, ಶಂಖದ ಸದ್ದು ಅಂತಿದೆ.

ಹೆಚ್ಚುಕಡಿಮೆ ಅದೇ ಪಟ್ಟಿ! ವೈದ್ಯ ಅದನ್ನು ರೋಗ ಅಂದ, ಯೋಗಿ ಅದನ್ನು ದಾರಿ ಅಂದ. ಇದರಿಂದ ನಿಮ್ಮ ಕಿವಿ ಮೊರೆತ ಯೋಗಸಿದ್ಧಿ ಅಂತ ತಿಳಿಯಬೇಡಿ. ಯೋಗಿ ಅದನ್ನು ಹುಡುಕಿಕೊಂಡು ಹೋದ, ನಿಮಗೆ ಹೇಳದೆ ಕೇಳದೆ ಬಂತು. ಆದರೆ ಒಂದೇ ತರದ ಸದ್ದು ಒಬ್ಬನಿಗೆ ನಿದ್ದೆ ಕೆಡಿಸಿತು, ಇನ್ನೊಬ್ಬನನ್ನು ನೆಮ್ಮದಿಯಾಗಿ ಕೂರಿಸಿತು ಅನ್ನುವುದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಇವತ್ತಿನ ಚಿಕಿತ್ಸೆಯೂ ಸುತ್ತಿಬಳಸಿ ಅಲ್ಲಿಗೇ ಬಂದಿದೆ.

ಪಿಚಕಾರಿಯ ಕಥೆ ಇದಕ್ಕಿಂತ ಸ್ವಾರಸ್ಯ. 20ನೇ ಶತಮಾನದ ಆರಂಭದಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ ರಾಬರ್ಟ್ ಬರಾನಿ ಅನ್ನುವ ಕಿವಿ ಡಾಕ್ಟರು ರೋಗಿಗಳ ಕಿವಿ ತೊಳೆಯುತ್ತಿದ್ದರು. ತೊಳೆದವರಲ್ಲಿ ಕೆಲವರಿಗೆ ತಲೆ ಗಿರ್ರನೆ ತಿರುಗುತ್ತಿತ್ತು. ಒಬ್ಬ ರೋಗಿ, ನೀರು ತಣ್ಣಗಿದ್ದರೆ ಮಾತ್ರ ತಲೆ ತಿರುಗುತ್ತದೆ ಅಂದ. ಸರಿ ಅಂತ ಬಿಸಿ ಜಾಸ್ತಿ ಮಾಡಿದರೆ ಆಗಲೂ ತಿರುಗಿತು, ಕಣ್ಣುಗುಡ್ಡೆ ಮಾತ್ರ ಈ ಸಲ ಎದುರು ದಿಕ್ಕಿಗೆ ಅದುರಿತು. ಮೈ ಬಿಸಿಯಷ್ಟೇ ಬೆಚ್ಚಗಿನ ನೀರಾದರೆ ಏನೂ ಇಲ್ಲ. ಒಳಗಿವಿಯಲ್ಲಿರುವ ದ್ರವ ಬಿಸಿಗೆ, ತಣ್ಣಗೆ ಹರಿದಾಡುತ್ತದೆ, ನಮ್ಮ ಸಮತೋಲ ಅಲ್ಲಿದೆ ಅಂತ ಅವರು ತೋರಿಸಿದರು. ಈ ಕೆಲಸಕ್ಕೆ 1914ರ ನೊಬೆಲ್ ಪ್ರಶಸ್ತಿ ಬಂತು. ಸುದ್ದಿ ಬಂದಾಗ ಬರಾನಿ ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕಿ ರಷ್ಯಾದವರ ಯುದ್ಧಕೈದಿಗಳ ಶಿಬಿರದಲ್ಲಿದ್ದರು. 1916ರಲ್ಲಿ ಬಿಡುಗಡೆ ಆದ ಮೇಲೆ ಹೋಗಿ ತೆಗೆದುಕೊಂಡರು.

ನೋಡಿ, ರೋಗಿಯ ಒಂದು ದೂರನ್ನು ಡಾಕ್ಟರು ಕಿವಿಗೊಟ್ಟು ಕೇಳಿದ್ದಕ್ಕೆ ನೊಬೆಲ್ ಬಂತು. ಇವತ್ತು ಕಿವಿ ತೊಳೆಸುವಾಗ ನೀರು ಬೆಚ್ಚಗಿದೆಯೇ ಅಂತ ಕೇಳುವುದು ನಿಮ್ಮ ಹಕ್ಕು, ಅದಕ್ಕೆ 100 ವರ್ಷ ಮೀರಿದ ಆಧಾರ ಇದೆ.

ಈಗ ಮುಖ್ಯ ಪ್ರಶ್ನೆ. ಗುಗ್ಗೆ ತೆಗೆದ ಮೇಲೆ ಗುಂಯ್ ಯಾಕೆ ಜಾಸ್ತಿ ಆಗುತ್ತದೆ?

ಸಾಮಾನ್ಯವಾಗಿ ಆಗುವುದು ಇದರ ತಿರುಗು. ಗುಗ್ಗೆ ಕಟ್ಟಿಕೊಂಡರೆ ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಒಳಗಿನ ಸದ್ದು ಎದ್ದು ಕೇಳುತ್ತದೆ. ತೆಗೆದ ಮೇಲೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಆದರೆ ಎಲ್ಲರಿಗೂ ಅಲ್ಲ. ತೊಳೆದ ನೀರು ಸ್ವಲ್ಪ ಉಳಿದಿರಬಹುದು, ಚರ್ಮ ಕೆರೆದು ಊದಿರಬಹುದು. ಗುಗ್ಗೆ ಹೀರುವ ಸಕ್ಷನ್ ಯಂತ್ರದ ಕೊಳವೆ ತಮಟೆ ಪೊರೆಯ ಪಕ್ಕದಲ್ಲೇ ದೊಡ್ಡ ಸದ್ದು ಮಾಡುತ್ತದೆ, ಅದರಿಂದ ಸ್ವಲ್ಪ ಹೊತ್ತು, ಕೆಲವರಿಗೆ ಕೆಲವು ದಿನ, ಕಿವಿ ಮೊರೆಯಬಹುದು. ಕಡ್ಡಿಯೋ ನೀರಿನ ರಭಸವೋ ಪೊರೆಗೆ ತೂತು ಮಾಡಿದ್ದರೆ ಅದು ನಿಜವಾದ ಪೆಟ್ಟು, ಬೈಗುಳ ನ್ಯಾಯ ಅಂದೆನಲ್ಲ, ಅದು ಇಲ್ಲಿ.

ಇನ್ನೊಂದು ಕಾರಣ ಗುಗ್ಗೆಯ ಹಿಂದೆ ಅಡಗಿರುತ್ತದೆ. ವಯಸ್ಸಿನಿಂದಲೋ, ವರ್ಷಗಟ್ಟಲೆ ಜೋರು ಸದ್ದಿನಲ್ಲಿ ದುಡಿದಿದ್ದರಿಂದಲೋ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಮೊದಲೇ ಸವೆದಿರುತ್ತವೆ. ನಮ್ಮ ಕಡೆ ಅಂಥ ಕೆಲಸಕ್ಕೆ ಬರವಿಲ್ಲ. ಬೋರ್‌ವೆಲ್ ಲಾರಿ, ಕಲ್ಲು ಕ್ರಷರ್, ಕಡಲೆಕಾಯಿ ಮಿಲ್ಲು, ಟ್ರ್ಯಾಕ್ಟರ್, ಜಾತ್ರೆಯ ತಮಟೆ, ಈಗ ಡಿಜೆ. ಒಳಗಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮೆದುಳು ತಾನೇ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ಸ್ಟೇಷನ್ ಸರಿಯಾಗಿ ಸಿಗದ ರೇಡಿಯೊಗೆ ವಾಲ್ಯೂಮ್ ತಿರುಗಿಸಿದರೆ ಗೊರಗೊರ ಅಂತ ಬರುತ್ತದಲ್ಲ, ಹಾಗೆ. ಗುಗ್ಗೆ ಕಟ್ಟಿದ್ದಾಗ ತಪ್ಪೆಲ್ಲ ಗುಗ್ಗೆಯದ್ದು ಅಂದುಕೊಂಡಿದ್ದಿರಿ. ಅದು ಹೋದ ಮೇಲೂ ಸದ್ದು ಇದ್ದರೆ ಆಗ ಮನಸ್ಸಿಗೆ ಭಯ ಹೊಕ್ಕುತ್ತದೆ, ದಿನಕ್ಕೆ 50 ಸಲ ಕಿವಿ ಕಡೆ ಗಮನ ಕೊಟ್ಟು ಇದೆಯಾ ಇದೆಯಾ ಅಂತ ನೋಡುತ್ತೇವೆ. ಗಮನ ಕೊಟ್ಟಷ್ಟೂ ಅದು ದೊಡ್ಡದಾಗುತ್ತದೆ.

ಇಲ್ಲಿ ನಮ್ಮ ತುಮಕೂರು ಜಿಲ್ಲೆಯದೇ ಒಂದು ಚರಿತ್ರೆ ಹೇಳಬೇಕು. ಅದು ಕಿವಿಯದ್ದಲ್ಲ, ಕ್ಷಯರೋಗದ್ದು. ಆದರೆ ಕಿವಿಗೆ ಬಂದು ಸೇರುತ್ತದೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಹುಟ್ಟಿತು. 1960ರ ದಶಕದ ಆರಂಭದಲ್ಲಿ ಅದರ ತಂಡ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಸಮೀಕ್ಷೆ ಮಾಡಿತು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನುವ ಇಬ್ಬರು, ರೋಗ ಪತ್ತೆಯಾದವರ ಮನೆಗೆ ಹೋಗಿ ಮಾತಾಡಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿವರೆಗೆ ದೊಡ್ಡವರ ನಂಬಿಕೆ ಏನು ಅಂದರೆ, ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕಾಯಿಲೆ ಬಂದರೂ ಆಸ್ಪತ್ರೆಗೆ ಬರುವುದಿಲ್ಲ. ತುಮಕೂರಿನಲ್ಲಿ ಕಂಡಿದ್ದು ಬೇರೆ. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣ ಗೊತ್ತಿತ್ತು, ಸುಮಾರು ಅರ್ಧದಷ್ಟು ಜನ ಆಗಲೇ ಇಂಗ್ಲಿಷ್ ಔಷಧಿಯ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಕೆಮ್ಮಿನ ಬಾಟ್ಲಿ ಕೊಟ್ಟು ಕಳಿಸಿದ್ದರು! ದೇಶದ ಟಿಬಿ ಕಾರ್ಯಕ್ರಮವನ್ನು ಸಾಮಾನ್ಯ ಆಸ್ಪತ್ರೆಗಳ ಒಳಗೇ ಸೇರಿಸಬೇಕು ಅನ್ನುವ ವಾದಕ್ಕೆ ನಮ್ಮ ಜಿಲ್ಲೆಯ ಈ ಜನರ ಮಾತು ದೊಡ್ಡ ಬಲ ಕೊಟ್ಟಿತು.

ಕಿವಿ ಮೊರೆತದವರ ಪಾಡು ಇವತ್ತು ಹಾಗೇ ಇದೆ ಅಂತ ನನಗನಿಸುತ್ತದೆ. ಜನಕ್ಕೆ ಲಕ್ಷಣ ಗೊತ್ತು, ಹೋಗುತ್ತಾರೆ, ಹೇಳುತ್ತಾರೆ. ಕಿವಿಗೆ ಬ್ಯಾಟರಿ ಬಿಟ್ಟು ನೋಡಿ ಏನೂ ಇಲ್ಲ ಹೋಗಿ ಅನ್ನುತ್ತಾರೆ. ಏನೂ ಇಲ್ಲ ಅನ್ನುವುದು ಕೆಮ್ಮಿನ ಬಾಟ್ಲಿ ಇದ್ದ ಹಾಗೆ.

ಆ ಕಾಲದ ಟಿಬಿ ಔಷಧಿಗಳಲ್ಲಿ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಮುಖ್ಯವಾದದ್ದು. ಅದು ಜೀವ ಉಳಿಸಿತು, ಆದರೆ ಕೆಲವರ ಒಳಗಿವಿಯನ್ನು ಹಾಳುಮಾಡಿತು. ತಲೆ ತಿರುಗು, ಗುಂಯ್, ಕಿವುಡು. ಆಮೇಲೆ ಬಂದ ಕನಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್‌ಗಳೂ ಅದೇ ಜಾತಿಯವು. ಹಾಗಾಗಿ ನಿಮ್ಮ ಮನೆಯ ಹಿರಿಯರಿಗೆ ಹಿಂದೆ ಟಿಬಿ ಇಂಜೆಕ್ಷನ್ ಆಗಿದ್ದರೆ, ಕಿವಿ ತೋರಿಸುವಾಗ ಅದನ್ನು ಹೇಳಬೇಕು. ಗುಗ್ಗೆ ತೆಗೆದವನ ಮೇಲೆ ಹಾಕುವ ತಪ್ಪು 40 ವರ್ಷ ಹಿಂದಿನ ಸೂಜಿಯದ್ದಾಗಿರಬಹುದು. ಈಗ ಔಷಧಿಗೆ ಬಗ್ಗದ ಟಿಬಿಗೂ ಮಾತ್ರೆಗಳಲ್ಲೇ ಚಿಕಿತ್ಸೆ ಬಂದಿರುವುದಕ್ಕೆ ಈ ಕಿವಿಗಳ ನಷ್ಟವೂ ಒಂದು ಕಾರಣ.

ಕಾಯಬಾರದ ಸಂದರ್ಭಗಳು ಕೆಲವು ಇವೆ. ಗುಗ್ಗೆ ತೆಗೆಸಿದ ಮೇಲೋ, ಸುಮ್ಮನೆ ಇದ್ದಾಗಲೋ, ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೆ ಹೋದರೆ ಅದೇ ದಿನ ಅಥವಾ ಮರುದಿನವೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಕೊಡುವ ಸ್ಟೆರಾಯ್ಡ್ ಔಷಧಿ ಮೊದಲ ದಿನಗಳಲ್ಲಿ ಕೊಟ್ಟರೆ ಕೆಲಸ ಮಾಡುವ ಸಾಧ್ಯತೆ ಹೆಚ್ಚು, ತಿಂಗಳಾದ ಮೇಲೆ ಹೋದರೆ ಬಹುಪಾಲು ಕೈಮೀರಿರುತ್ತದೆ. ರಕ್ತ, ಕೀವು ಬಂದರೆ, ತಲೆ ತಿರುಗಿ ನಿಲ್ಲಲಾಗದಿದ್ದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಸದ್ದು ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿ ಬಡಿತದ ಲೆಕ್ಕದಲ್ಲಿ ಧಕ್ ಧಕ್ ಅಂತಿದ್ದರೆ ತೋರಿಸಲೇಬೇಕು. ಸಕ್ಕರೆ ಕಾಯಿಲೆ ಇರುವ ವಯಸ್ಸಾದವರು ನಲ್ಲಿ ನೀರಲ್ಲಿ ಕಿವಿ ತೊಳೆಸಿಕೊಳ್ಳಬಾರದು, ಅವರಿಗೆ ಸೋಂಕು ಮೂಳೆಗೆ ಇಳಿಯುವ ಅಪಾಯ ಇದೆ. ಹಿಂದೆ ಕಿವಿ ಸೋರಿದ್ದರೆ, ಪೊರೆ ತೂತಿದ್ದರೆ ಮೊದಲೇ ಹೇಳಿ.

ಇವು ಯಾವುವೂ ಇಲ್ಲದಿದ್ದರೆ ಕೇಳುವ ಶಕ್ತಿಯ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆ ಇರುವುದು. ಹತ್ತಿರದಲ್ಲಿ ತುಮಕೂರು, ಬೆಂಗಳೂರಿನ ಇಎನ್‌ಟಿ ವಿಭಾಗಗಳಲ್ಲೂ ಆಗುತ್ತದೆ. ಕೇಳುವುದು ಕಡಿಮೆಯಾಗಿದ್ದರೆ ಕಿವಿ ಯಂತ್ರ ಹಾಕಿಕೊಂಡ ಮೇಲೆ ಬಹಳ ಜನರಿಗೆ ಮೊರೆತವೂ ಹಿಂದಕ್ಕೆ ಸರಿಯುತ್ತದೆ. ಮೆದುಳಿಗೆ ಸ್ಟೇಷನ್ ಸಿಕ್ಕಿತಲ್ಲ.

ಸದ್ದನ್ನೇ ಪೂರ್ತಿ ಆರಿಸಿಬಿಡುವ ಮಾತ್ರೆ ಇವತ್ತಿಗೂ ಇಲ್ಲ. ಇದೆ ಅಂತ ಫೋನಿನಲ್ಲಿ ಬರುವ ಜಾಹೀರಾತಿಗೆ ದುಡ್ಡು ಕಳಿಸಬೇಡಿ. ಅದನ್ನು ಹುಡುಕಿ ಪ್ರಾಣ ಕೊಟ್ಟವರೂ ಇದ್ದಾರೆ. ಲಂಡನ್ನಿನ ಜೋಸೆಫ್ ಟಾಯ್ನ್‌ಬೀ ತನ್ನ ಕಾಲದ ದೊಡ್ಡ ಕಿವಿ ಡಾಕ್ಟರು, ಸುಮಾರು 2000 ಕಿವಿಗಳನ್ನು ಕೊಯ್ದು ಪರೀಕ್ಷಿಸಿದವರು. ಕಿವಿ ಮೊರೆತಕ್ಕೆ ಔಷಧಿ ಹುಡುಕುತ್ತಾ 1866ರ ಜುಲೈನಲ್ಲಿ ಕ್ಲೋರೋಫಾರ್ಮ್ ಮತ್ತು ಸಯನೈಡ್ ಜಾತಿಯ ಆಮ್ಲದ ಆವಿಯನ್ನು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ತಮ್ಮ ಕೋಣೆಯಲ್ಲೇ ಸತ್ತರು.

ಅವರಿಗಿಂತ 45 ವರ್ಷ ಮುಂಚೆಯೇ, 1821ರಲ್ಲಿ, ಪ್ಯಾರಿಸ್ಸಿನ ಕಿವುಡ ಮಕ್ಕಳ ಶಾಲೆಯ ಡಾಕ್ಟರ್ ಇಟಾರ್ ಒಂದು ಪುಸ್ತಕದಲ್ಲಿ ಹಳ್ಳಿಯವರೂ ಮಾಡಬಹುದಾದ ಉಪಾಯ ಬರೆದಿದ್ದರು. ಒಳಗಿನ ಸದ್ದಿಗೆ ಹೊರಗಿನ ಸದ್ದೇ ಮದ್ದು. ರಾತ್ರಿ ಒಲೆಗೆ ಸ್ವಲ್ಪ ಹಸಿ ಕಟ್ಟಿಗೆ ಹಾಕಿ, ಅದು ಚಟಪಟ ಅನ್ನುತ್ತಿರಲಿ. ನೀರಿನ ಗಿರಣಿಯ ಹತ್ತಿರ ವಾಸ ಮಾಡಿ. 1970ರ ದಶಕದಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಒಬ್ಬ ರೋಗಿ ಕಾರಂಜಿಯ ಪಕ್ಕ ನಿಂತಾಗ ತನ್ನ ಸದ್ದು ಕೇಳಿಸುತ್ತಿಲ್ಲ ಅಂತ ಕಂಡುಕೊಂಡದ್ದೇ ಜಾಕ್ ವರ್ನನ್ ಅನ್ನುವ ವಿಜ್ಞಾನಿಗೆ ಹೊಸ ದಾರಿ ತೋರಿಸಿತು. ಅದಕ್ಕೂ ಮೊದಲು, 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್, ಕಿವಿ ಚೆನ್ನಾಗಿರುವ 80 ಜನರನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ ಏನು ಕೇಳುತ್ತದೆ ಅಂತ ಕೇಳಿದರು. ನೂರಕ್ಕೆ 94 ಜನರಿಗೆ ಗುಂಯ್, ಸುಂಯ್, ಯಾವುದೋ ಒಂದು ಸದ್ದು ಕೇಳಿತ್ತು. ಅಂದರೆ ಎಲ್ಲರ ಕಿವಿಯಲ್ಲೂ ರಾವಣನ ಚಿತೆ ಸಣ್ಣಗೆ ಉರಿಯುತ್ತಲೇ ಇದೆ. ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಕಿವಿ ಮೊರೆತ ಇದೆ, 2 ಜನರಿಗೆ ತೀವ್ರವಾಗಿದೆ ಅಂತ 2022ರಲ್ಲಿ ಲೆಕ್ಕ ಹಾಕಿದ್ದಾರೆ.

1990ರಲ್ಲಿ ಪಾವೆಲ್ ಯಾಸ್ಟ್ರೆಬಾಫ್ ಅನ್ನುವವರು ಇದಕ್ಕೆ ಒಂದು ವಿವರಣೆ ಕೊಟ್ಟರು. ಸದ್ದಿಗಿಂತ ಸದ್ದಿನ ಬಗ್ಗೆ ಮೆದುಳು ಇಟ್ಟುಕೊಂಡ ಭಯವೇ ಹಿಂಸೆ. ಭಯ ಹೋದರೆ ಮೆದುಳು ಅದನ್ನು ಬದಿಗಿಡುತ್ತದೆ. ಹೊಸ ಬೋರ್‌ವೆಲ್ ಮೋಟರ್ ಮನೆ ಪಕ್ಕ ಬಂದರೆ ಮೊದಲ ವಾರ ನಿದ್ದೆ ಇಲ್ಲ, ಎರಡು ತಿಂಗಳಾದರೆ ಅದು ನಿಂತಾಗಲೇ ಎಚ್ಚರವಾಗುವುದು. ಇದಕ್ಕೆ ತಿಂಗಳುಗಳು ಬೇಕು, ಒಂದು ವರ್ಷವೂ ಆಗಬಹುದು. ಅಷ್ಟರಲ್ಲಿ ಬದುಕೇ ಬೇಡ ಅನಿಸುವಷ್ಟು ಬೇಸರವಾದರೆ ಸರ್ಕಾರದ ಟೆಲಿ ಮನಸ್ ನಂಬರ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ.

ಹಿಂದೆ ನಮ್ಮ ಬಾವಿಗಳ ಮೇಲೆ ಕಪಿಲೆ ಹೊಡೆಯುತ್ತಿದ್ದರು. ಗಾಲಿಯ ಕಿರ್ರ್ ಸದ್ದು, ಎತ್ತಿನ ಗಂಟೆ, ಕಪಿಲೆಯ ಹಾಡು, ಕೊಟ್ಟಿಗೆಯಲ್ಲಿ ರಾತ್ರಿಯಿಡೀ ಮೆಲುಕು ಹಾಕುವ ಸದ್ದು. ಈಗ ಬಾವಿ ಬತ್ತಿವೆ, ಕೊಟ್ಟಿಗೆ ಖಾಲಿ, ಆರ್‌ಸಿಸಿ ಮನೆಯ ಬಾಗಿಲು ಹಾಕಿದರೆ ಒಳಗೆ ಗವ್ವೆನ್ನುವ ಮೌನ. ಹೆಲ್ಲರ್ ಮತ್ತು ಬರ್ಗ್‌ಮನ್ ಅವರ ಕೋಣೆಯನ್ನು ನಾವೇ ಕಟ್ಟಿಕೊಂಡಿದ್ದೇವೆ. ಮೊರೆತ ಇರುವವರು ಅಂಥ ಮೌನದಲ್ಲಿ ಮಲಗಬಾರದು. ಫ್ಯಾನ್ ತಿರುಗಲಿ. ಕಿಟಕಿ ತೆರೆದು ಜೀರುಂಡೆ ಸದ್ದು ಒಳಗೆ ಬಿಡಿ. ಇಲ್ಲದಿದ್ದರೆ ಫೋನಿನಲ್ಲಿ ಮಳೆಯ ಸದ್ದನ್ನೋ ರೇಡಿಯೊವನ್ನೋ ಸಣ್ಣಗೆ ಹಾಕಿ ಮಂಚದಿಂದ ಸ್ವಲ್ಪ ದೂರ ಇಡಿ. ಇಯರ್‌ಫೋನ್ ಬೇಡ. ವಾಲ್ಯೂಮ್ ನಿಮ್ಮ ಗುಂಯ್ ಅನ್ನು ಪೂರ್ತಿ ಮುಚ್ಚುವಷ್ಟು ಇರಬಾರದು, ಅದಕ್ಕಿಂತ ಒಂದು ಪಾಯಿಂಟ್ ಕೆಳಗೆ, ಎರಡೂ ಜೊತೆಗೆ ಕೇಳುವಷ್ಟು ಇರಲಿ.